ಅಳತೆಯ ಕುಬಸ

ಮಸ್ಕಿಯ ದರ್ಜಿ ಗಾಳೆಪ್ಪ ಯಾವ ಹೆಣ್ಣಿನ ಮೈಗೂ ಟೇಪು ಹಿಡಿದವನಲ್ಲ. ಮನೆಯಿಂದ ಒಂದು ಹಳೆಯ ರವಿಕೆ, ಅಂದರೆ ಕುಬಸ, ಬರುತ್ತಿತ್ತು, ಅದೇ ಅಳತೆ. ತನಗೆ ನಿಶ್ಚಯವಾದ ಹುಡುಗಿಗೂ ಅದೇ ಪದ್ಧತಿ. ಮದುವೆಗೆ ಇಪ್ಪತ್ತೇ ದಿನ ಉಳಿದಿದ್ದರೂ ಆ ಹುಡುಗಿ ಯಮನೂರಮ್ಮನ ಕುಬಸ ಮಾತ್ರ ಬಂದಿರಲಿಲ್ಲ.

ನೆರೆಮನೆಯ ಮಾಬುಬೀಯ ಅಂಗಳದಲ್ಲಿ ಅವಳು ಜೋಳ ಹಸನು ಮಾಡುತ್ತಿದ್ದಾಗ ಗಾಳೆಪ್ಪನೇ ಬಂದ. ಮಾಬುಬೀ ನಗುತ್ತ ಒಳಗೆ ಹೋದಳು, ಬಾಗಿಲು ಮಾತ್ರ ಮುಚ್ಚಲಿಲ್ಲ.

“ಮೂರು ಸಲ ಹೇಳಿ ಕಳಿಸೀನಿ. ಒಲ್ಲೆ ಅಂದ್ರ ಬಾಯಿಲೆ ಹೇಳು. ಕುಬಸ ಬಚ್ಚಿಟ್ಟು ಯಾಕ ಹೇಳ್ತಿ?”

ಅವಳು ಮೊರದಿಂದ ಕಣ್ಣೆತ್ತಲಿಲ್ಲ. ಅವನ ಕಿವಿಗೆ ಸಿಕ್ಕಿಸಿದ್ದ ನೀಲಿ ಸೀಮೆಸುಣ್ಣ ಮಾತ್ರ ಕಣ್ಣಂಚಿಗೆ ಕಂಡಿತು.

“ಒಲ್ಲೆ ಅಂದಿಲ್ರಿ.”

“ಮತ್ತ?”

ಏನೆಂದು ಹೇಳುವುದು? ಎಡ ಎದೆಯೊಳಗೆ ಬಾರೆಕಾಯಿಯಷ್ಟಿದ್ದ ಗಡ್ಡೆ ಆರು ತಿಂಗಳಲ್ಲಿ ನೆಲ್ಲಿಕಾಯಿಯಷ್ಟಾಗಿತ್ತು. ತಾನೇ ಏನೋ ತಪ್ಪು ಮಾಡಿದವಳಂತೆ ತಾಯಿಗೂ ಹೇಳಿರಲಿಲ್ಲ; ಮೈ ತೊಳೆಯುವಾಗಲೂ ಅತ್ತ ನೋಡುತ್ತಿರಲಿಲ್ಲ. ಕುಬಸ ಬಿಗಿಯಾದಾಗ ಕದ್ದು ಹೊಲಿಗೆ ಬಿಚ್ಚಿ ಸಡಿಲಿಸಿಕೊಂಡಿದ್ದಳು. ಅದನ್ನು ಕಳಿಸಿದರೆ ದರ್ಜಿಯ ಕೈಗೆ ಎಲ್ಲವೂ ತಿಳಿಯುತ್ತಿತ್ತು.

ಹೋದ ವಾರ ಅವಳು ಎದೆ ಒತ್ತಿಕೊಂಡದ್ದನ್ನು ಕಂಡ ಮಾಬುಬೀ, ಕೇಳಿ ತಿಳಿದು, ಬೈದು, ಗಾಡಿಯಲ್ಲಿ ಲಿಂಗಸುಗೂರಿಗೆ ಕರೆದೊಯ್ದಿದ್ದಳು. ಅಲ್ಲಿನ ಡಾಕ್ಟರಮ್ಮ ಮುಟ್ಟಿ ನೋಡಿ, ಉರ್ದುವಿನಲ್ಲಿ ಚೀಟಿ ಬರೆದು, “ಮನೆಯ ಗಂಡಸರಿಗೆ ತೋರಿಸು” ಎಂದಷ್ಟೇ ಹೇಳಿದಳು. ಅಪ್ಪನಿಗೆ ಉರ್ದು ಬಾರದು, ಮಾಬುಬೀಗೆ ಓದು ಬಾರದು. ನಿಜಾಮ ಸರ್ಕಾರದ ಉರ್ದು ಶಾಲೆಯಲ್ಲಿ ನಾಲ್ಕನೇ ಜಮಾತಿನವರೆಗೆ ಓದಿದವನು ಗಾಳೆಪ್ಪನೊಬ್ಬನೇ.

ಸೊಂಟದಿಂದ ಚೀಟಿ ತೆಗೆದು ಮೊರದ ಮೇಲಿಟ್ಟಳು. ಅವನು ತುಟಿಯಲ್ಲೇ ಓದಿದ. ಒಂದು ಕಡೆ ತುಟಿ ನಿಂತಿತು, ಕಿವಿಯಂಚು ಕೆಂಪಾಯಿತು. ಅವಳು ಸೆರಗನ್ನು ಕುತ್ತಿಗೆಯವರೆಗೂ ಎಳೆದುಕೊಂಡಳು.

“ಕ್ಯಾನ್ಸರ್ ಅಂತ ಬರದಾರ. ಹೈದರಾಬಾದಿನ ದವಾಖಾನಿಗೆ ಜಲ್ದಿ ಹೋಗಬೇಕು. ಎದಿ... ತಗೀತಾರಂತ.”

“ಉಳೀತೀನೇನ್ರಿ?”

“ತಡ ಮಾಡಿದ್ರ ಕಷ್ಟ ಅಂತ ಐತಿ.” ಅವನು ಸುಳ್ಳು ಹೇಳಲಿಲ್ಲ.

“ನೀವು ಬ್ಯಾರೆ ಹುಡುಗಿ ನೋಡ್ಕೊಳ್ರಿ. ಅರ್ಧ ಹೆಂಗಸನ್ನ ಕಟ್ಕೊಂಡಾನ ಅಂತ ಮಂದಿ ನಗ್ತಾರ.”

ಅವನು ಚೀಟಿ ಮಡಚಿ ತನ್ನ ಕಿಸೆಗಿಟ್ಟುಕೊಂಡ.

“ಕುಬಸ ತಾ.”

ಮನೆಗೆ ಹೋಗಿ ತಂದಳು. ಅವನು ಒಳಮಗ್ಗುಲು ತಿರುಗಿಸಿ, ಎಡಬದಿಯ ವಕ್ರ ಹೊಲಿಗೆಯ ಮೇಲೆ ಹೆಬ್ಬೆರಳು ಸರಿಸಿದ. ತನ್ನ ಮೈಯನ್ನೇ ಮುಟ್ಟಿದಂತಾಗಿ ಅವಳು ಮುಖ ತಿರುಗಿಸಿದಳು.

“ಇದು ಯಾರ ಹೊಲಿಗಿ? ಕೋಳಿ ಕೆದರಿದಂಗ ಐತಿ.”

“ನಂದ.”

“ದರ್ಜಿ ಹೆಂಡ್ತಿ ಆಗಾಕಿ ಹಿಂಗ ಹೊಲದ್ರ ನಾ ಅಂಗಡಿ ಮುಚ್ಚಬೇಕು.”

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

“ಹುಡುಗಿ ಅಳಾಕತ್ತಾಳ, ಇವ ಹೊಲಿಗಿ ನೋಡಾಕತ್ತಾನ,” ಒಳಗಿಂದ ಮಾಬುಬೀಯ ದನಿ.

“ಎಡಕ್ಕ ಸಡ್ಲ ಬಿಟ್ಟು ಒಂದು ಹೊಲದು ಕೊಡ್ತೀನಿ. ಅದನ್ನ ಹಾಕ್ಕೊಂಡು ಹೈದರಾಬಾದಿಗೆ ನಡಿ. ನಿಮ್ಮಪ್ಪಗ ನಾ ಹೇಳ್ತೀನಿ, ಅವರ ಜೋಡಿ ನಾನೂ ಬರ್ತೀನಿ.” ಅವನ ದನಿ ತಗ್ಗಿತು. “ಮದುವಿ ಕುಬಸ ತಿರುಗಿ ಬಂದ ಮ್ಯಾಲ ಹೊಲೀತೀನಿ. ಆವಾಗ ಅಳತಿ ಬ್ಯಾರೆ ಇರ್ತೈತಿ. ಇರಲಿ.”

“ಆ ಅಳತೀದು ಹಳೇ ಕುಬಸ ಎಲ್ಲಿಂದ ತರಲಿ?”

ಅವನು ಕಿವಿಯಿಂದ ಸೀಮೆಸುಣ್ಣ ತೆಗೆದು ಮೊರದ ಅಂಚಿಗಿಟ್ಟ. “ಆವಾಗ ಕುಬಸದ ಮ್ಯಾಲ ಇದರಲೆ ನೀನ ಗುರುತು ಹಾಕಿ ಕೊಡು.”

ಅವನು ಹೋದ ಮೇಲೆ ಅವಳು ಬಾಗಿ ಅದನ್ನೆತ್ತಿಕೊಂಡಳು. ಸೆರಗು ಜಾರಿತು. ಸರಿಪಡಿಸಿಕೊಳ್ಳಲು ಅವಳು ಅವಸರ ಮಾಡಲಿಲ್ಲ.