ಬೆಣ್ಣೆಯೊಳಗಿನ ನೀರು

ದ್ವಾದಶಿಯ ಬೆಳಗ್ಗೆ ಆರೂವರೆಗೆ, ಗರಿಯಾಹಾಟಿನ ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ, ಪಾತ್ರೆ ತೊಳೆಯುವ ರೇಣುಕಾ ಸತ್ತುಬಿದ್ದಳು. ಪಕ್ಕದಲ್ಲಿ ಅರ್ಧ ತಿಂದ ದೋಸೆ. ಅದರ ಬೆಣ್ಣೆಯಲ್ಲಿ ಕೀಟನಾಶಕವಿತ್ತು.

ದೋಸೆ ಕೊಟ್ಟವರು ಮಾಲೀಕ ರಘುಪತಿ ರಾಯರು. ಸಂಜೆಯೊಳಗೆ ಅವರು ಲಾಕಪ್ಪಿನಲ್ಲಿದ್ದರು.

“ತಾನು ಮುಟ್ಟದೆ ಅವಳಿಗೆ ಕೊಟ್ಟಿದ್ದಾನೆ. ಇನ್ನೇನು ಬೇಕು, ದೀದಿ?” ಎಂದರು ಇನ್‌ಸ್ಪೆಕ್ಟರ್ ಹಾಲ್ದಾರ್. ಆದರೂ ಮುದುಕ ರಾಯರಿಗೆ ತಮ್ಮ ಖರ್ಚಿನಲ್ಲೇ ಚಹಾ ತರಿಸಿಕೊಟ್ಟಿದ್ದರು.

“ಡೈರಿಯಲ್ಲೇ ಬೆರೆತಿದ್ದರೆ?” ಎಂದಳು ದೀಕ್ಷಾ. ಸಾಲ್ಟ್ ಲೇಕಿನ ಪ್ರಯೋಗಾಲಯದ ವಿಜ್ಞಾನಿ ಅವಳು, ರಾಯರ ಹೋಟೆಲಿನ ಹಳೆಯ ಗಿರಾಕಿ ಕೂಡ.

“ಅದನ್ನೇ ನೀವು ಹೇಳಬೇಕು.”

*  *  *

ಉಳಿದ ಬೆಣ್ಣೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬಂತು. ದೀಕ್ಷಾ ಅದನ್ನು ಆಸ್ಪತ್ರೆಯ ಎಂಆರ್‌ಐನಂಥ ಪುಟ್ಟ ಕಾಂತಯಂತ್ರದೊಳಗೆ ಇಟ್ಟಳು. ಕೊಬ್ಬಿನ ಸಂಕೇತ ಒಂದು ವೇಗದಲ್ಲಿ ಆರುತ್ತದೆ, ನೀರಿನದು ಇನ್ನೊಂದು ವೇಗದಲ್ಲಿ. ನೀರಿನ ಕಣ ಎಷ್ಟು ದೂರ ಅಲೆಯುತ್ತದೆಂದೂ ಯಂತ್ರ ಅಳೆಯುತ್ತದೆ. ಡೈರಿಯ ಬೆಣ್ಣೆಯಲ್ಲಿ ನೀರು ಸಣ್ಣ ಸಣ್ಣ ಹನಿಗಳಲ್ಲಿ ಬಂದಿ. ಹನಿಯ ಅಂಚು ದಾಟಿ ಹೋಗಲಾರದು.

ಈ ಬೆಣ್ಣೆಯಲ್ಲಿ ನೀರು ಧಾರಾಳವಾಗಿ ಅಲೆಯುತ್ತಿತ್ತು.

“ವಿಷ ಬೆರೆಸಲು ಇದನ್ನು ಯಾರೋ ಕರಗಿಸಿ, ಮತ್ತೆ ಹೆಪ್ಪುಗಟ್ಟಿಸಿದ್ದಾರೆ,” ಎಂದಳು. “ಹನಿಗಳೆಲ್ಲ ಕೂಡಿಕೊಂಡಿವೆ. ಡೈರಿಯ ವ್ಯಾನು?”

“ತಂಪಾಗಿಯೇ ಬಂದಿದೆ. ದಾಖಲೆ ಇದೆ,” ಎಂದರು ಪೆಟ್ಟಿಗೆ ತಂದಿದ್ದ ಹಾಲ್ದಾರ್.

“ಹಾಗಾದರೆ ಹೋಟೆಲಿನಲ್ಲೇ.”

*  *  *

ರಾಯರ ತಮ್ಮ ಸುಧೀರ್ ಠಾಣೆಗೆ ದಿನವೂ ಅಣ್ಣನಿಗೆ ಬುತ್ತಿ ತರುತ್ತಿದ್ದ.

“ಸುಧೀರಣ್ಣ, ಬೆಣ್ಣೆ ಇಳಿಸಿಕೊಂಡದ್ದು ಯಾರು?” ಎಂದು ದೀಕ್ಷಾ ಅಲ್ಲೇ ಕೇಳಿದಳು.

“ನಾನೇ. ಏಕಾದಶಿ ಬೆಳಿಗ್ಗೆ. ಫ್ರಿಜ್ಜಿನಲ್ಲಿಟ್ಟು ಹೋಟೆಲಿಗೆ ಬೀಗ ಹಾಕಿದೆ.”

“ಒಲೆ ಹಚ್ಚಿದ್ರಾ?”

“ಎಂತ ಮಾತಾಡ್ತಿ ಮಾರಾಯ್ತಿ! ಏಕಾದಶಿಗೆ ನಮ್ಮಲ್ಲಿ ಒಲೆ ಹಚ್ಚುದುಂಟಾ? ಒಂದು ನರಪಿಳ್ಳೆಯೂ ಒಳಗೆ ಬರ್ಲಿಲ್ಲ. ಅಣ್ಣ ಜಾದವ್‌ಪುರದ ಮನೆಯಲ್ಲೇ ಇದ್ದ.”

“ಬೀಗದ ಕೈ?”

“ಒಂದೇ ಇರುದು. ರಾತ್ರಿಯೂ ನನ್ನ ಸೊಂಟದಲ್ಲೇ. ಮಾರನೇ ದಿನ ಆರು ಗಂಟೆಗೆ ನಾನೇ ಬಾಗಿಲು ತೆಗ್ದದ್ದು.”

ದೀಕ್ಷಾ ಹಾಲ್ದಾರರತ್ತ ತಿರುಗಿದಳು. “ಕರಗಿಸಿದ ಬೆಣ್ಣೆ ಗಟ್ಟಿಯಾಗಲು ಗಂಟೆಗಟ್ಟಲೆ ಬೇಕು. ಆರರಿಂದ ಆರೂವರೆಯೊಳಗೆ ಆಗುವ ಮಾತಲ್ಲ. ಕರಗಿಸಿದ್ದು ಏಕಾದಶಿಯ ದಿನವೇ. ಅಂದು ಒಳಗೆ ಹೋಗಬಲ್ಲವರು ಒಬ್ಬರೇ. ಯಾರೂ ಬರಲಿಲ್ಲವೆಂದು ಅವರೇ ಸಾಕ್ಷಿ ಹೇಳಿದರು.”

ಸುಧೀರ್ ಬುತ್ತಿಯನ್ನು ಮೇಜಿನ ಮೇಲೆ ಕುಕ್ಕಿದ. “ಹೋಟೆಲು ಮಾರುವ ಅಂತ ಎಷ್ಟು ವರ್ಷದಿಂದ ಹೇಳಿದೆ. ಕೇಳ್ಬೇಕಲ್ಲ ಅವ!”

*  *  *

ರಾಯರು ಬೆಂಚಿನ ಮೇಲೆ ಕುಳಿತು ಎಲ್ಲ ಕೇಳಿಸಿಕೊಂಡರು.

“ಉಪವಾಸ ಮುರಿಯುವ ಮೊದಲ ದೋಸೆ ಯಾವಾಗಲೂ ನಿಮ್ಮದು. ಅದು ನಿಮ್ಮ ತಮ್ಮನಿಗೆ ಗೊತ್ತಿತ್ತು,” ಎಂದಳು ದೀಕ್ಷಾ ಮೆಲ್ಲಗೆ. “ವಿಷ ಇಟ್ಟದ್ದು ನಿಮಗೆ. ನೀವು ಹೊರಡಬಹುದು, ರಾಯರೇ.”

ಅವರು ಏಳಲಿಲ್ಲ.

“ರೇಣುಕಾ ಬೇಡ ಅಂದಿದ್ಲು, ಮಗಾ. ನೀವು ನಿನ್ನೆಯಿಂದ ಉಂಡಿಲ್ಲ, ನೀವೇ ತಿನ್ನಿ ಅಂದ್ಲು. ನಾನೇ ಒತ್ತಾಯ ಮಾಡಿದ್ದು.”