ಜೇವರ್ಗಿ ದಾಟೀನ್ರಿ

ಫರಹೀನ ದಿನಾ ಬೆಳಿಗ್ಗೆ ಒಂದು ಸುಳ್ಳು ಹೇಳುತ್ತಿದ್ದಳು, ಒಂದು ಸುಳ್ಳು ಕೇಳುತ್ತಿದ್ದಳು. ಎರಡೂ ನೌಕರಿಯ ಭಾಗವೇ ಎಂದು ಅವಳು ತಿಳಿದಿದ್ದಳು.

ಕಲಬುರಗಿ ವಿಮಾನ ನಿಲ್ದಾಣದ ಒಂದು ಮೂಲೆಯಲ್ಲಿ ಭೀಮಾತೀರ ಕಾರ್ಗೋ ಎಂಬ ಪುಟ್ಟ ಕಂಪನಿಯ ಆಫೀಸು. ಇರುವುದು ಒಂದೇ ವಿಮಾನ, ಅದರ ಮೂತಿಗೆ ಒಂದೇ ಫ್ಯಾನು. ಅದು ಜನರನ್ನು ಹತ್ತಿಸಿಕೊಳ್ಳುವುದಿಲ್ಲ. ಆಳಂದದ ಖಡಕ್ ರೊಟ್ಟಿ, ಅಫಜಲಪುರದ ನಿಂಬೆಹಣ್ಣು, ಜೇವರ್ಗಿಯ ಲ್ಯಾಬಿನ ರಕ್ತದ ಸ್ಯಾಂಪಲ್ಲು ಹೊತ್ತು ಹೈದರಾಬಾದಿಗೆ ಹಾರುತ್ತದೆ. ತೂಕ ನೋಡಿ ಯಾವ ಡಬ್ಬಿ ಮುಂದೆ, ಯಾವುದು ಹಿಂದೆ ಎಂದು ಹೇಳುವವಳು ಫರಹೀನ. ಆ ಡಬ್ಬಿಗಳನ್ನು ಆಳಂದ, ಅಫಜಲಪುರ, ಕಡೆಗೆ ಜೇವರ್ಗಿ ಸುತ್ತಿ ವ್ಯಾನಿನಲ್ಲಿ ತರುವವನು ಆಳಂದದ ಮುಕ್ರಮ.

ಎಲ್ಲಿದ್ದೀರಿ ಎಂದು ಅವಳು ಫೋನು ಮಾಡಿದರೆ ಅವನದು ಒಂದೇ ಉತ್ತರ. "ಜೇವರ್ಗಿ ದಾಟೀನ್ರಿ." ಹಿಂದಿನಿಂದ ಅಫಜಲಪುರದ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಕೂಗುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಇವಳೇನು ಕಡಿಮೆಯೇ? ಮಧ್ಯಾಹ್ನ ಹೊರಡುವ ವಿಮಾನ ಅರ್ಧ ತಾಸು ಮೊದಲೇ ಹೊರಡುತ್ತದೆ ಎಂದು ಅವನಿಗೆ ಹೇಳುತ್ತಿದ್ದಳು. ಅವನ ಸುಳ್ಳು ಇವಳಿಗೆ ಗೊತ್ತು, ಇವಳ ಸುಳ್ಳು ಅವನಿಗೆ ಗೊತ್ತು. ಎರಡೂ ಸೇರಿ ವಿಮಾನ ಸರಿಯಾದ ವೇಳೆಗೆ ಹಾರುತ್ತಿತ್ತು.

ಫೋನಿನಲ್ಲಿ ಅಷ್ಟು ಸಲೀಸಾಗಿ ಮಾತಾಡುವವನು ಎದುರಿಗೆ ಬಂದರೆ ಮೂಕ. ಡಬ್ಬಿ ಇಳಿಸುತ್ತ ಒಮ್ಮೆ ನೋಡುವನು. ಅವಳು ತಿರುಗಿ ನೋಡಿದರೆ ತೂಕದ ಯಂತ್ರದ ಮುಳ್ಳು ನೋಡುವವನಂತೆ ತಲೆ ಬಗ್ಗಿಸುವನು. ಆ ಯಂತ್ರಕ್ಕೆ ಮುಳ್ಳೇ ಇರಲಿಲ್ಲ, ಬರೀ ನಂಬರು. ಜೇವರ್ಗಿಯ ಮನೆಗೆ ಹೋಗುವ ಬಸ್ಸಿನಲ್ಲಿ ಅದು ನೆನಪಾಗಿ ಅವಳು ಕಿಟಕಿಯತ್ತ ಮುಖ ಮಾಡಿ ನಗುತ್ತಿದ್ದಳು. ಅವನೆಂದರೆ ಅವಳಿಗೆ ಪ್ರಾಣ. ಹೇಳುವವರು ಯಾರು?

ಅಷ್ಟರಲ್ಲಿ ಸೇಡಂ ಕಡೆಯ ಗಂಡಿನವರು ರವಿವಾರ ಮನೆಗೆ ಬರುವುದು ಗೊತ್ತಾಯಿತು. ಹಿರಿಯರು ಒಪ್ಪಿ ಮಾತು ಮುಗಿಸಿದರೆ ಮುಗಿದೇ ಹೋಯಿತು. ಶುಕ್ರವಾರ ಬೆಳಿಗ್ಗೆ ಧೈರ್ಯ ಮಾಡಿ ಫೋನಿನಲ್ಲೇ ಹೇಳಿದಳು.

"ರವಿವಾರ ನನ್ನ ನೋಡಾಕ ಬರಾಕತ್ತಾರ."

ಅವನು ನಕ್ಕುಬಿಟ್ಟ. "ಖರೇ ದಿನ ಯಾವುದ್ರಿ? ಮುಂದಿನ ತಿಂಗಳೇನು?"

ಇದು ಸುಳ್ಳಲ್ಲ ಎಂದು ಬಿಡಿಸಿ ಹೇಳಲು ಅವಳಿಗೆ ಮನಸ್ಸಾಗಲಿಲ್ಲ. ಫೋನು ಇಟ್ಟಳು. ಸ್ವಲ್ಪ ಹೊತ್ತಿಗೆ, ಮನೆಯಲ್ಲಿ ಅಮ್ಮಿಯ ಮುಂದೆ ನಿಮ್ಮ ಹೆಸರು ಹೇಳಿದ್ದೇನೆ ಎಂದು ಅವನ ಮೆಸೇಜು ಬಂತು. ಅವಳೂ ನಂಬಲಿಲ್ಲ, ದಿನಾ ಜೇವರ್ಗಿ ದಾಟುವ ಬಾಯಿ ಅದು. ಅವತ್ತು ಡಬ್ಬಿ ತೂಗಲು ಮ್ಯಾನೇಜರ್ ಅಮರನಾಥರನ್ನೇ ಕಳಿಸಿ, ತಲೆನೋವೆಂದು ಒಳಗೇ ಕುಳಿತಳು. ಅವನು ಬಾಗಿಲ ಕಡೆ ಮತ್ತೆ ಮತ್ತೆ ನೋಡಿ, ಕಾದು ಹೋದ.

ಶನಿವಾರ ಅವಳು ತಾನಾಗಿ ಫೋನು ಮಾಡಲಿಲ್ಲ. ವ್ಯಾನು ಎಲ್ಲಿಗೆ ಬಂತೆಂದು ಅಮರನಾಥರು ಎರಡು ಸಲ ಕೇಳಿದ ಮೇಲೆ ಒಲ್ಲದ ಮನಸ್ಸಿನಿಂದ ನಂಬರು ಒತ್ತಿದಳು.

"ಎಲ್ಲಿದ್ದೀರಿ?"

"ನಿಮ್ಮ ಬಾಗಲಾಗ ಅದೀನ್ರಿ."

"ಜೇವರ್ಗಿ ದಾಟಿಲ್ಲೇನು ಇವತ್ತು?"

"ಹೊರಗ ನೋಡ್ರಿ."

ನೋಡಿದಳು. ಎಂದೂ ಇಷ್ಟು ಬೇಗ ಬಾರದ ಬಿಳಿ ವ್ಯಾನು ಬೇಲಿಯ ಪಕ್ಕ ನಿಂತಿತ್ತು. ಮುಂದಿನ ಸೀಟಿನಲ್ಲಿ ತಲೆತುಂಬ ಸೆರಗು ಹೊದ್ದ ಒಬ್ಬ ವಯಸ್ಸಾದ ಹೆಂಗಸು, ತೊಡೆಯ ಮೇಲೊಂದು ರೊಟ್ಟಿಯ ಡಬ್ಬಿ.

ಮುಕ್ರಮ ಒಳಗೆ ಬಂದ. ಈ ಸಲ ಯಂತ್ರ ನೋಡಲಿಲ್ಲ, ಅವಳನ್ನೇ ನೋಡಿದ. ಕಣ್ಣು ಕೆಂಪಾಗಿದ್ದವು, ನಿದ್ದೆ ಮಾಡಿರಲಿಲ್ಲ.

"ನಿಮ್ಮ ಮಾತು ಸುಳ್ಳಿದ್ರ ನನಗೇನು ಲುಕ್ಸಾನಿಲ್ಲ. ಖರೇ ಇದ್ರ ಮಾತ್ರ ನಾ ಉಳಿಯಂಗಿಲ್ಲ. ಅದಕ್ಕ ಅಮ್ಮಿನ ಕರ್ಕೊಂಡು ಬಂದೀನಿ."

ಅವಳು ಹೂಂ ಎಂದರೆ ಇವತ್ತೇ ತಾಯಿ ಪ್ಯಾರಿಬಿಯನ್ನು ಅವಳ ಮನೆಗೆ ಕರೆತರುತ್ತಾನಂತೆ, ರವಿವಾರಕ್ಕಿಂತ ಮುಂಚೆ. ಬೇಡವೆಂದರೆ ಅಮ್ಮಿಗೇನೂ ಬೇಸರವಿಲ್ಲವಂತೆ. ಆಕೆ ಎಂದೂ ವಿಮಾನ ಹತ್ತಿರದಿಂದ ನೋಡಿಲ್ಲ, ನೋಡಿ ಖುಷಿಯಿಂದ ಊರಿಗೆ ಹೋಗುತ್ತಾಳಂತೆ.

ಫರಹೀನ ಮತ್ತೆ ಕಿಟಕಿಯಾಚೆ ನೋಡಿದಳು. ವಿಮಾನ ಪ್ಯಾರಿಬಿಯ ಬೆನ್ನ ಹಿಂದೆ ನಿಂತಿತ್ತು. ಆಕೆ ಒಮ್ಮೆಯೂ ಅತ್ತ ತಿರುಗದೆ ಇದೇ ಕಿಟಕಿಯನ್ನು ನೋಡುತ್ತ ಕುಳಿತಿದ್ದಳು. ಫರಹೀನಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡಳು.

"ಮನಿಗೆ ಎಷ್ಟಕ್ಕ ಬರಬೇಕ್ರಿ?" ಅವನು ಮೆಲ್ಲಗೆ ಕೇಳಿದ.

"ನಾಲ್ಕಕ್ಕ."

"ಖರೇ ಟೈಮ್ ಯಾವುದ್ರಿ?"

ಅವಳು ತಲೆ ತಗ್ಗಿಸಿದಳು. "ನಮ್ಮ ಅಬ್ಬಾ ಮನಿಗೆ ಬರೋದು ಐದಕ್ಕ. ಆದ್ರೂ ನೀವು ನಾಲ್ಕಕ್ಕ ಬರ್ರಿ."

ವಿಮಾನ ಹಾರಿದ ಮೇಲೆ ಅಮರನಾಥರಿಗೆ ತಲೆನೋವೆಂದು ಇನ್ನೊಂದು ಸುಳ್ಳು ಹೇಳಿ ಅವಳು ಬಸ್ಸು ಹಿಡಿದಳು. ಜೇವರ್ಗಿಯಲ್ಲಿ ಇಳಿದು ಓಣಿಗೆ ತಿರುಗಿದಾಗ ಇನ್ನೂ ಮೂರೂ ಆಗಿರಲಿಲ್ಲ. ಬಿಳಿ ವ್ಯಾನು ಆಗಲೇ ಅವಳ ಮನೆಯ ಮುಂದೆ ನಿಂತಿತ್ತು.