ಚಾರ್ಟ್‌ನಲ್ಲಿ ಇಲ್ಲದವನು

“ಮೇಡಂ, ನಿಮ್ಮ ಚಾರ್ಟ್‌ನಲ್ಲಿ ನಾನಿಲ್ಲವಂತೆ... ಹಾಗಾದ್ರೆ ಇಲ್ಲಿ ನಿಂತಿರೋದು ಯಾರು?”

ಅವಳು ಬೆಚ್ಚಿ ತಿರುಗಿದಳು. ಗಾಜಿನ ಕೋಣೆಯ ಬಾಗಿಲಲ್ಲಿ ಒಬ್ಬ ಯುವಕ. ಬಾಗಿಲು ತೆರೆದ ಸದ್ದೇ ಆಗಿರಲಿಲ್ಲ! ಊಟದ ಹೊತ್ತು, ಮಹಡಿಯಿಡೀ ಖಾಲಿ. ಅವನ ಮುಖ ಬಿಳಿಚಿತ್ತು, ಕಣ್ಣು ಮಾತ್ರ ಅವಳನ್ನೇ ಹುಡುಕಿಕೊಂಡು ಬಂದಂತಿತ್ತು...

ಆಫೀಸಿನಲ್ಲಿ ಅವಳಿಗೆ ‘ತಕ್ಕಡಿ’ ಎಂಬ ಅಡ್ಡಹೆಸರು. ಮೊದಲು ಕೋಡ್ ಬರೆಯುತ್ತಿದ್ದಳು. “ಕೋಡ್ ಬರೆಯೋರಿಗೆಲ್ಲ ಕೋಡು ಮೂಡಿದೆ, ಅಳೆದು ನೋಡಮ್ಮ” ಎಂದು ಮ್ಯಾನೇಜರ್ ಸಾಹೇಬರು ಕೆಲಸ ಬದಲಿಸಿದ್ದರು. ಯಾರು ಎಷ್ಟು ಬರೆದರು, ಬರೆದದ್ದು ಎಷ್ಟು ಬೇಗ ಬಳಕೆದಾರರನ್ನು ತಲುಪಿತು, ಎಷ್ಟು ಸಲ ಕೆಟ್ಟಿತು, ಎಷ್ಟು ಬೇಗ ರಿಪೇರಿಯಾಯಿತು... ಎಲ್ಲವನ್ನೂ ತಾನೇ ಹೆಕ್ಕಿ ತೋರಿಸುವ ಚಾರ್ಟ್ ಅವಳದು. ಈ ವಾರವಷ್ಟೇ ಗೋಡೆಯ ಪರದೆ ಏರಿತ್ತು.

“ಇಷ್ಟು ತಿಂಗಳಲ್ಲಿ ನಾನು ಒಂದು ಸಾಲೂ ಬರೆದಿಲ್ಲವಂತೆ. ಸಂಜೆ ಕೆಲಸ ಬಿಟ್ಟು ಹೊರಡು ಅಂದ್ರು ಸಾಹೇಬ್ರು.”

“ನನ್ನ ಚಾರ್ಟ್ ಸುಳ್ಳು ಹೇಳಲ್ಲ ರೀ!”

“ಹೌದಾ...” ಅವನು ನಕ್ಕ. ಬಂದಂತೆಯೇ ಸದ್ದಿಲ್ಲದೆ ಹೋದ.

ಆದರೆ ಅವಳೊಂದು ಗುಟ್ಟು ಮುಚ್ಚಿಟ್ಟಿದ್ದಳು. ಚಾರ್ಟ್‌ನ ಮೊದಲ ಸ್ಥಾನದಲ್ಲಿದ್ದ ಹೆಸರು ಅವಳದೇ! ಕೋಡ್ ಮುಟ್ಟದೆ ತಿಂಗಳುಗಳೇ ಕಳೆದಿದ್ದ ಅವಳದು!

ತುಸು ಹೊತ್ತಿನಲ್ಲೇ, ಕೈ ಎರಡೂ ಮಡಿಲಲ್ಲಿರುವಾಗಲೇ, ಅವಳ ಹೆಸರಿನೆದುರು ಹೊಸ ಕೋಡ್ ಬಂತೆಂಬ ಚುಕ್ಕೆ ಮೂಡಿತು.

ಅದನ್ನು ತೆರೆದಳು. ಕೋಡ್‌ನ ಪಕ್ಕ ಒಂದು ಟಿಪ್ಪಣಿ: ‘ಇಲ್ಲಿ ಮೆಲ್ಲಗೆ ಬನ್ನಿ, ಮುಂದೆ ಗುಂಡಿ ಇದೆ.’

ಅವಳದೇ ಧಾಟಿ! ಆದರೆ ಅವಳು ಬರೆದದ್ದಲ್ಲ. ವಾರವಿಡೀ ಇಂಥವನ್ನು ಕದ್ದು ಓದಿದ್ದಳು. ಭಯವಾಗುತ್ತಿತ್ತು. ಆದರೂ ಮತ್ತೆ ಮತ್ತೆ ಓದಬೇಕೆನಿಸುತ್ತಿತ್ತು... ‘ನನಗಿಂತ ಚೆನ್ನಾಗಿ ನಾನಾಗಿರೋದು ಯಾರು?’

ದೂರದ ಮೂಲೆಯಿಂದ ಕೀಬೋರ್ಡ್ ಸದ್ದು. ಟಕ... ಟಕ...

ಖಾಲಿ ಕುರ್ಚಿಗಳ ನಡುವೆ ಹೆಜ್ಜೆಯಿಟ್ಟಳು. ಅವನೇ! ಅವನ ಮುಂದಿದ್ದ ಲ್ಯಾಪ್‌ಟಾಪಿನ ಒಡೆದ ಮೂಲೆ ಕಂಡು ನಿಂತೇಬಿಟ್ಟಳು.

“ಇದು... ನನ್ನ ಹಳೇದಲ್ವಾ?”

“ಸೇರಿದ ದಿನ ಇದನ್ನೇ ಕೊಟ್ರು. ಹೇಳಿಕೊಡೋರು ಯಾರೂ ಇರ್ಲಿಲ್ಲ. ಹಳೇ ಕೋಡ್ ಪಕ್ಕ ನೀವು ಬರೆದಿದ್ದ ಟಿಪ್ಪಣಿ ಓದಿ ಓದಿ ಕಲಿತೆ. ಈಗ ಏನು ಬರೆದ್ರೂ ನಿಮ್ಮ ಹಾಗೇ ಬರುತ್ತೆ.”

ಅವಳು ಬಾಗಿ ಸೆಟ್ಟಿಂಗ್ಸ್ ತೆರೆದಳು. ಬರೆಯುವವರ ಹೆಸರಿನ ಜಾಗದಲ್ಲಿ ಅವಳ ಹೆಸರೇ ಕೂತಿತ್ತು. ಯಾರೂ ಬದಲಿಸಿರಲಿಲ್ಲ; ಅವನು ಬರೆದದ್ದೆಲ್ಲ ಅವಳ ಲೆಕ್ಕಕ್ಕೆ ಸೇರಿತ್ತು!

‘ಬಾಯಿಬಿಟ್ಟರೆ ಚಾರ್ಟ್ ಹೋಯಿತು, ಹುದ್ದೆಯೂ ಹೋಯಿತು. ಸುಮ್ಮನಿದ್ದರೆ... ಇವನು ಹೋಗುತ್ತಾನೆ.’

ಅವನನ್ನು ಸಾಹೇಬರ ಕೋಣೆಗೆ ಎಳೆದುಕೊಂಡೇ ಹೋದಳು.

“ಸರ್, ಅದೆಲ್ಲ ಬರೆದಿದ್ದು ಇವರು. ನನ್ನ ಚಾರ್ಟ್ ತಪ್ಪು.”

ಸಾಹೇಬರು ಎದುರು ನಿಂತವನನ್ನು ಬಿಟ್ಟು ಪರದೆ ನೋಡಿದರು. “ಇವನು ಇಲ್ವಲ್ಲಮ್ಮ?”

“ಇಲ್ಲಿದ್ದಾರಲ್ಲ ಸರ್! ಬೇಕಾದ್ರೆ ಚಿವುಟಿ ನೋಡಿ!”

“ಚಾರ್ಟ್ ಇಳಿಸಿದ್ರೆ ನಿನ್ನ ಹುದ್ದೆ?”

“ಕೋಡ್ ಬರೆಯೋಕೇ ವಾಪಸ್ ಹೋಗ್ತೀನಿ. ಇವರ ಪಕ್ಕದ ಕುರ್ಚಿ ಖಾಲಿ ಇದೆ.”

ಚಾರ್ಟ್ ಇಳಿಸುವ ಗುಂಡಿಯನ್ನು ಅವಳೇ ಒತ್ತಿದಳು. ಪರದೆ ಕಪ್ಪಾಯಿತು. ಸಾಹೇಬರು ಕಣ್ಣುಜ್ಜಿಕೊಂಡು ಅವನತ್ತ ತಿರುಗಿದರು. “ಅರೆ! ನೀನು ಯಾವಾಗ ಬಂದೆ?”

ಮೂಲೆಯ ಮೇಜಿಗೆ ಮರಳಿ ಅವನು ಅವಳ ಹೆಸರನ್ನು ಒಂದೊಂದೇ ಅಕ್ಷರ ಅಳಿಸತೊಡಗಿದ. ಕೊನೆಯ ಅಕ್ಷರಕ್ಕೆ ಬೆರಳು ನಿಂತಿತು.

“ನಿಮ್ಮ ಹೆಸರಲ್ಲಿದ್ದೆ ಅಂತ ಗೊತ್ತೇ ಇರ್ಲಿಲ್ಲ. ಗೊತ್ತಾದ ಮೇಲೆ ಬಿಟ್ಟು ಹೊರಡೋಕೆ ಮನಸ್ಸಾಗ್ತಿಲ್ಲ ರೀ...”

ಅವಳು ತಲೆ ತಗ್ಗಿಸಿದಳು. “ನೀವು ಯಾರು ಅಂತ ತಿಳಿಯೋ ಮೊದಲೇ ಆ ಬರಹಕ್ಕೆ ಸೋತಿದ್ದೆ.”

“ಅದು ನಿಮ್ಮದೇ ಧಾಟಿ ಅಲ್ವಾ?”

“ಅದಕ್ಕೇ ಹೆದರಿದ್ದು! ನನ್ನ ಮೇಲೆ ನನಗೇ ಪ್ರೀತಿ ಹುಟ್ಟಿಬಿಡ್ತಾ ಅಂತ...”

“ಈಗ ಭಯ ಹೋಯ್ತಾ?”

“ಇಲ್ಲ... ಕೈ ಹಿಡ್ಕೊಳ್ಳಿ.”